ಆರದ ನಳಿಗೆ

ಕೋವಿಯನ್ನು ನಡುವಿಗೆ ಮಡಚಿ, ಎಡ ನಳಿಗೆಯ ಬುಡದ ಹತ್ತಿರ ಕಣ್ಣು ತಂದು, ತುದಿಯನ್ನು ಕಿಟಕಿಯ ಬೆಳಕಿಗೆ ಎತ್ತಿದೆ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ಕೂತಿದ್ದವು. ಎಲ್ಲೂ ಸೊಟ್ಟಗಾಗಿರಲಿಲ್ಲ. ತುದಿಯಿಂದ ನಾಲ್ಕು ಬೆರಳು ಕೆಳಗೆ ಮಾತ್ರ ತುಕ್ಕು ತಿಂದ ಎರಡು ಗುಳಿ, ಸಿಡುಬಿನ ಕಲೆಯ ಹಾಗೆ.

"ಏನಂತದೆ ಹೊನ್ನಕ್ಕ?" ಎಂದ ಜವರಯ್ಯ. ಮಂಡಕ್ಕಿ ಮೂಟೆಯ ಮೇಲೆ ಕೂತು ಅದೇ ಮೂಟೆಗೆ ಕೈಹಾಕಿ ಮುಕ್ಕುತ್ತಿದ್ದ.

"ಹೇಳ್ತದೆ, ಇರು. ಬಾಯಿಗೆ ಕೆಲಸ ಇದೆಯಲ್ಲ ನಿನಗೆ."

ಜವರಯ್ಯ ಹಳೆಯ ಕೋವಿಗಳನ್ನು ಕೊಂಡು ಮಾರುವವನು. ಕೊಳ್ಳುವ ಮೊದಲು ಪರೀಕ್ಷೆಗೆ ನನ್ನನ್ನು ಕರೆದೊಯ್ಯುತ್ತಾನೆ. ನಾನು ಸರಿ ಎಂದರೆ ಕೊಳ್ಳುತ್ತಾನೆ, ಬೇಡ ಎಂದರೆ ಎದ್ದು ಬರುತ್ತಾನೆ. ಆವತ್ತು ಕರೆದೊಯ್ದದ್ದು ಕೆಳಗೇರಿಯ ಒಂದು ಮಂಡಕ್ಕಿ ಭಟ್ಟಿಗೆ. ಭಟ್ಟಿ ನಡೆಸುವವಳು ನೀಲಮ್ಮ ಎಂಬುವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕೈಯ ರೋಮವೆಲ್ಲ ಬೆಂಕಿಗೆ ಸುಟ್ಟು ಮೊಣಕೈವರೆಗೂ ನುಣ್ಣಗಾಗಿತ್ತು. ಒಲೆಯ ಬಾಯಿಗೆ ಹೊಟ್ಟು ಎರಚುತ್ತಾ ಓರೆಗಣ್ಣಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಳು.

ದಾರದ ಕುಣಿಕೆಯನ್ನು ನಳಿಗೆಗಳ ಸುತ್ತ ಹಾಕಿ ಬುಡದಿಂದ ತುದಿಗೆ ಜಾರಿಸಿದೆ. ಎಲ್ಲಾದರೂ ಉಬ್ಬಿದ್ದರೆ ದಾರ ನಿಲ್ಲುತ್ತದೆ. ನಿಲ್ಲಲಿಲ್ಲ. ಕೋವಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮಡಚುವ ಕೀಲಲ್ಲಿ ಸಣ್ಣಗೆ ಕಟಕಟ. ಬಲಗಡೆಯ ಕುದುರೆಯನ್ನು, ತೋಟಾ ಸಿಡಿಸುವ ಸುತ್ತಿಗೆಯನ್ನು, ಅರ್ಧ ಏರಿಸಿ ಬಿಟ್ಟರೆ ನಿಲ್ಲದೆ ಪಟ್ಟನೆ ಬಿತ್ತು.

"ಬಲಗಡೆ ಕುದುರೆ ನಿಲ್ತಿಲ್ಲ. ಕೀಲು ಸಡಿಲ. ಒಳಗೆ ಗುಳಿ ಇದೆ," ಎಂದೆ.

"ಕೇಳಿಸ್ತೇನಮ್ಮ? ಹನ್ನೆರಡು ಸಾವಿರ ಅಂತೀಯ, ಇದು ಗೋಡೆಗೆ ನೇತುಹಾಕೋಕೆ ಚೆಂದ ಅಷ್ಟೆ," ಎಂದ ಜವರಯ್ಯ.

"ಗೋಡೆಗೆ ನೇತುಹಾಕಿಕೊಳ್ಳೋರು ಮಂಡಕ್ಕಿ ಭಟ್ಟಿವರೆಗೂ ಯಾಕೆ ಬರ್ತಾರೆ?" ಎಂದಳು ನೀಲಮ್ಮ. "ಕುದುರೆ ರಿಪೇರಿ ಮುನ್ನೂರು ರೂಪಾಯಿ ಮಾತು. ಹತ್ತು ಮಾಡಿ."

"ಏಳು."

"ಅಯ್ಯೋ, ಮಂಡಕ್ಕಿ ತಿಂದದ್ದೇ ಒಂದು ಸಾವಿರದ್ದಾಯ್ತು ನೀವು. ಒಂಬತ್ತಕ್ಕೆ ಕೆಳಗಿಲ್ಲ."

ಅವರು ಹಾಗೆ ಎಳೆದಾಡುತ್ತಿರುವಾಗ ನಾನು ಮರದ ಹಿಡಿಯನ್ನು ತಿರುಗಿಸಿ ನೋಡಿದೆ. ಅದಕ್ಕೆ ಕಂಬಳಿಯ ಬಟ್ಟೆಯ ಗವಸು ಹೊಲಿದಿತ್ತು. ಗವಸು ಹಾಕಿದ ಹಿಡಿಯೆಂದರೆ ಸೀಳು ಮುಚ್ಚಿಟ್ಟಿದ್ದಾರೆಂದೇ ಲೆಕ್ಕ. ಇದ್ಯಾಕೆ ಎಂದು ಕೇಳಿದೆ.

"ಚಳಿಗೆ ಕೈ ಕೊರೆಯತ್ತೆ ಅಂತ ನಮ್ಮಪ್ಪ ಹೊಲಿದಿದ್ದ."

ಗವಸನ್ನು ಹಿಂದಕ್ಕೆ ಎಳೆದೆ. ಸೀಳು ಇತ್ತು. ಅದರ ಸುತ್ತ ತಾಮ್ರದ ತಂತಿ ಸುತ್ತಿದ್ದರು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆ. ಏಳು ಸುತ್ತು. ಐದನೆಯ ಮತ್ತು ಆರನೆಯ ಸುತ್ತಿನ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದು.

ಹನ್ನೊಂದು ವರ್ಷದಿಂದ ಈ ಊರಿನ ಒಂದೊಂದು ಕೋವಿಯ ಹಿಡಿಯಲ್ಲೂ ನಾನು ಹುಡುಕುತ್ತಿದ್ದದ್ದು ಈ ಏಳು ಸುತ್ತನ್ನೇ.

ನಮ್ಮೂರಲ್ಲಿ ಕೋವಿಯ ಸದ್ದು ಹೊಡೆದಾಗ ಕೇಳುವುದಿಲ್ಲ. ಬಟಾಣಿ ಹೊಲಕ್ಕೆ ಹಂದಿ ನುಗ್ಗಿದರೆ ಗುರಿಯಿಟ್ಟು ಹೊಡೆಯುತ್ತೇವೆ. ಟಿಕ್ಕೆಂದು ಕುದುರೆ ಬೀಳುತ್ತದೆ, ಭುಜಕ್ಕೆ ಒದೆಯೂ ಬೀಳುತ್ತದೆ, ಹಂದಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗುತ್ತದೆ. ಎರಡು ವರ್ಷಕ್ಕೋ ಹದಿನಾರು ವರ್ಷಕ್ಕೋ, ಯಾರೂ ಇಲ್ಲದ ಬಯಲಲ್ಲಿ ಒಂದು ಮಧ್ಯಾಹ್ನ ಢಂ ಎಂದು ಸದ್ದಾಗಿ, ಆ ಹಂದಿ ಎಲ್ಲಿದೆಯೋ ಅಲ್ಲೇ ಉರುಳುತ್ತದೆ. ಅಲ್ಲಿಯವರೆಗೆ ತಿಂದಷ್ಟು ತಿನ್ನಲಿ ಎಂದು ಹೊಲದವರು ಸುಮ್ಮನಿರುತ್ತಾರೆ. ತಾವು ಈಡು ಹೊಡೆದ ಹಂದಿಯನ್ನು ಗುರುತು ಹಿಡಿದು, "ನಮ್ಮದು ಬಂತು ನೋಡು, ಎಷ್ಟು ಸೊರಗಿದೆ" ಎಂದು ಮರುಗುವ ಮುದುಕಿಯರೂ ಇದ್ದಾರೆ. ಮನುಷ್ಯರಿಗೂ ಹಾಗೆಯೇ. ಈಡು ಹೊತ್ತವರು ಮದುವೆಯಾಗುತ್ತಾರೆ, ಮನೆಗೆ ಸುಣ್ಣ ಹೊಡೆಸುತ್ತಾರೆ, ಹಲ್ಲು ಕಟ್ಟಿಸಿಕೊಳ್ಳುತ್ತಾರೆ. ಈಡು ಬರುವ ಮೊದಲೇ ಜ್ವರ ಬಂದು ಸತ್ತರೆ ಒಂದಲ್ಲ ಒಂದು ದಿನ ಗೋರಿಯ ಮಣ್ಣಿನೊಳಗೇ ಸದ್ದಾಗುತ್ತದೆ. ನಮ್ಮ ಸ್ಮಶಾನದಲ್ಲಿ ಯಾರೂ ಮಾತಾಡುತ್ತಾ ನಡೆಯುವುದಿಲ್ಲ.

ಈಡು ಬಂದು ಬೀಳುವವರೆಗೆ ಅದನ್ನು ಹೊಡೆದ ನಳಿಗೆ ಆರುವುದಿಲ್ಲ. ಮೊದಮೊದಲು ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗಿರುತ್ತದೆ. ದಿನ ಹತ್ತಿರವಾದಂತೆ ಕಾಯುತ್ತಾ ಬರುತ್ತದೆ. ಮುಟ್ಟಲಾಗದಷ್ಟು ಕಾದ ದಿನವೇ ಈಡು ಬೀಳುವ ದಿನ. ಈಡು ಬಿದ್ದಾಗ ಕೋವಿ ಯಾರದ್ದೋ ಕೊಲೆಯೂ ಅವರದ್ದೇ. ಹೊಡೆದವನು ಯಾರೇ ಆಗಿರಲಿ, ಅವತ್ತಿನ ಒಡೆಯ ಸೂರ್ಯ ಮುಳುಗುವುದರೊಳಗೆ ಊರು ಬಿಡಬೇಕು, ಮತ್ತೆ ಬರುವಂತಿಲ್ಲ. ಅದಕ್ಕೇ ಹಳೆಯ ಕೋವಿ ಕೊಳ್ಳುವವರು ಗುಳಿ, ಸೀಳು, ಕೀಲು ನೋಡುವುದಕ್ಕಿಂತ ಹೆಚ್ಚಾಗಿ ಬಿಸಿ ನೋಡಿಸುತ್ತಾರೆ. ಇನ್ನೊಂದು ಸಂಗತಿ. ಕೋವಿ ತನ್ನ ಒಡೆಯನನ್ನು ಮುಟ್ಟುವುದಿಲ್ಲ. ಯಾರ ಮೇಲೆ ಈಡಿದೆಯೋ ಅವರೇ ಆ ಕೋವಿಯನ್ನು ಕೊಂಡರೆ ನಳಿಗೆ ಅವರ ಕೈಯಲ್ಲೇ ತಣ್ಣಗಾಗಿಬಿಡುತ್ತದೆ. ಕದ್ದು ತಂದರೆ ಆಗದು, ಕಸಿದರೂ ಆಗದು. ಕೊಡುವವರು 'ನಿನ್ನದು' ಅನ್ನಬೇಕು, ತೆಗೆದುಕೊಳ್ಳುವವರು 'ನನ್ನದು' ಅನ್ನಬೇಕು.

ನನ್ನ ಅಪ್ಪ ಚಿಕ್ಕೀರಯ್ಯನ ಮೇಲೆ ಹತ್ತೊಂಬತ್ತು ವರ್ಷದಿಂದ ಒಂದು ಈಡಿದೆ.

ಆಗ ನನಗೆ ಒಂಬತ್ತು. ಅಪ್ಪ ಊರಿಗೆಲ್ಲ ಕೋವಿ ಪರೀಕ್ಷೆ ಮಾಡುವವನಾಗಿದ್ದ. ಅವನ ಗೆಳೆಯ ಕಾಳಿಂಗಯ್ಯ ಒಂದು ಬೆಳಗ್ಗೆ ನಮ್ಮ ಅಂಗಳಕ್ಕೆ ಬಂದು, ಏನೂ ಮಾತಾಡದೆ ಕೋವಿ ಎತ್ತಿ ಅಪ್ಪನ ಎದೆಗೆ ಹೊಡೆದ. ಟಿಕ್ಕೆಂದಿತು. ಅಮ್ಮನ ಸೆರಗಿನ ಮರೆಯಲ್ಲಿ ನಿಂತಿದ್ದ ನನ್ನ ಕಣ್ಣಿಗೆ ಬಿದ್ದದ್ದು ಅವನ ಮುಖವಲ್ಲ, ಹಿಡಿಯ ಮೇಲಿನ ತಾಮ್ರದ ಸುತ್ತು. ಅವತ್ತೇ ಅವನು ಕೋವಿ ಸಮೇತ ಊರು ಬಿಟ್ಟ. "ಹೆಂಡ್ತಿ ಹೋದ ದುಃಖಕ್ಕೆ ತಲೆ ಕೆಟ್ಟಿತ್ತು, ಪಾಪ," ಎಂದು ಅಪ್ಪ ಎಲ್ಲರಿಗೂ ಹೇಳಿದ. ನಮಗೂ ಅಷ್ಟೇ ಹೇಳಿದ.

ಜನ ಕೆಟ್ಟವರಲ್ಲ, ಆದರೆ ಈಡು ಹೊತ್ತವನಿಂದ ನಾಲ್ಕು ಮಾರು ದೂರ ನಿಲ್ಲುತ್ತಾರೆ. ಕ್ಷೌರದವನು ಬರುವುದನ್ನು ಬಿಟ್ಟ, ಅಪ್ಪನ ಗಡ್ಡವನ್ನು ನಾನೇ ತೆಗೆಯುತ್ತೇನೆ. ಹೋಟೆಲಿನವನು ಟೀಯನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟು ಒಳಗೆ ಹೋಗಿ ಅಲ್ಲಿಂದಲೇ ಯೋಗಕ್ಷೇಮ ವಿಚಾರಿಸುತ್ತಾನೆ. ಅಮ್ಮ ಮೂರು ವರ್ಷ ಅಪ್ಪನ ಪಕ್ಕದಲ್ಲೇ ಮಲಗಿದಳು. ನಾಲ್ಕನೆಯ ವರ್ಷ ಚಾಪೆಯನ್ನು ಅಡುಗೆಮನೆಗೆ ಒಯ್ದಳು. ತೀರಿಕೊಂಡದ್ದೂ ಅಲ್ಲೇ. ನಾನು ಮದುವೆಯಾಗಲಿಲ್ಲ, ಅಪ್ಪನಿಂದ ಕೆಲಸ ಕಲಿತೆ. ಎಲ್ಲರೂ ಅದನ್ನು ಹೊಟ್ಟೆಪಾಡು ಎಂದುಕೊಂಡರು. ಊರೂರು ಸುತ್ತಿದ ಕೋವಿ ಮಾರಾಟಕ್ಕೆ ಬಂದೇ ಬರುತ್ತದೆ, ಬಂದರೆ ನನ್ನ ಕೈಗೆ ಬರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಈಗ ಬಂದಿತ್ತು. ಕಾಳಿಂಗಯ್ಯನಿಗೆ ಒಬ್ಬ ಮಗಳಿದ್ದಳೆಂದೂ ಸೋದರತ್ತೆ ಅವಳನ್ನು ಸಾಕಲು ಒಯ್ದಳೆಂದೂ ಕೇಳಿದ್ದೆ. 'ನಮ್ಮಪ್ಪ ಹೊಲಿದಿದ್ದ' ಎಂದವಳು ಹೊಟ್ಟಿನ ಬುಟ್ಟಿಯನ್ನು ಕೆಳಗಿಟ್ಟು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು.

"ಬಿಸಿ ನೋಡಿಬಿಡು, ಮುಗಿಸೋಣ," ಎಂದ ಜವರಯ್ಯ. "ಎಂಟೂವರೆಗೆ ಒಪ್ಪಿದಾರೆ."

ಆಗ ನನಗೆ ಹೊಳೆಯಿತು, ಕೋವಿಯನ್ನು ಯಾಕೆ ಭಟ್ಟಿಯ ಪಕ್ಕದ ಗೂಟಕ್ಕೆ ನೇತುಹಾಕಿದ್ದಳು ಎಂದು. ಆ ಕೋಣೆಯಲ್ಲಿ ಚಿಲಕವೂ ಬಿಸಿ, ಸೌಟೂ ಬಿಸಿ. ಎಡ ನಳಿಗೆ ಬಿಸಿಯಿದ್ದರೆ ಬಲ ನಳಿಗೆಯೂ ಅಷ್ಟೇ ಬಿಸಿ.

"ಹೊರಗೆ ಒಯ್ತೀನಿ," ಎಂದೆ.

"ಇಲ್ಲೇ ನೋಡಿ ಅಕ್ಕಾ. ಹೊರಗೆ ಹಾಳು ಚಳಿ."

"ಚಳಿನೇ ಬೇಕು ನನಗೆ."

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಕೋವಿಯನ್ನು ಅದರ ಮೇಲೆ ಮಲಗಿಸಿ ಕಾದೆವು. ಒಳಗೆ ಒಂದು ಬಾಣಲೆ ಅಕ್ಕಿ ಅರಳುವಷ್ಟು ಹೊತ್ತು. ಜವರಯ್ಯ ತನ್ನ ಅಳಿಯನ ಸೋಮಾರಿತನದ ಬಗ್ಗೆ ಏನೇನೋ ಹೇಳಿದ. ಆಮೇಲೆ ನಾನು ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದೆ. ನಮ್ಮೂರಿನ ಚಳಿಗೆ ಕೊಬ್ಬರಿ ಎಣ್ಣೆ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಕಡ್ಡಿಯಿಂದ ಕಾಳಿನಷ್ಟು ಎಣ್ಣೆ ತೆಗೆದು ಬಲ ನಳಿಗೆಯ ಮೇಲಿಟ್ಟೆ, ಅಷ್ಟೇ ಎಡದ ಮೇಲಿಟ್ಟೆ.

ಬಲಗಡೆಯದು ಇಟ್ಟಂತೆಯೇ ಕೂತಿತು. ಎಡಗಡೆಯದು ನಾನು ಕಡ್ಡಿ ಹಿಂತೆಗೆಯುವ ಮೊದಲೇ ನೀರಾಗಿ ಹರಿದು ಕಲ್ಲಿನ ಮೇಲೆ ತೊಟ್ಟಿಕ್ಕಿತು.

ಮುಂಗೈ ತಾಗಿಸಿ ಥಟ್ಟನೆ ಎಳೆದುಕೊಂಡೆ. ಜ್ವರದ ಬಿಸಿಯಲ್ಲ ಅದು, ಒಲೆಯಿಂದ ಈಗ ಇಳಿಸಿದ ಪಾತ್ರೆಯ ಬಿಸಿ. ನಾಳೆ ನಾಡಿದ್ದಿನ ಮಾತಾಗಿರಲಿಲ್ಲ.

"ಬಿಸಿ ಇದೆ," ಎಂದೆ. "ಇವತ್ತೇ."

ಜವರಯ್ಯ ಎದ್ದುನಿಂತು ಮಡಿಲಿನ ಮಂಡಕ್ಕಿ ಕೊಡವಿಕೊಂಡ. ಸಿಟ್ಟು ಮಾಡಲಿಲ್ಲ. ಬಿಸಿ ಕೋವಿಯ ಎದುರಲ್ಲಿ ಯಾರೂ ದನಿ ಎತ್ತುವುದಿಲ್ಲ. "ಬರ್ತೀನಿ ತಾಯಿ," ಎಂದು ನೀಲಮ್ಮನಿಗೆ ಕೈಮುಗಿದ. "ಬಾ ಹೊನ್ನಕ್ಕ."

"ನೀನು ನಡಿ. ನಾನು ಬರ್ತೀನಿ."

"ಬಿಸಿ ಕೋವಿ ಹತ್ರ ನಿನಗೇನು ಕೆಲಸ?" ಎಂದವನು ನನ್ನ ಮುಖ ನೋಡಿದ. ಅವನಿಗೆ ಅಪ್ಪನ ವಿಷಯ ಗೊತ್ತಿತ್ತು. ಬಾಗಿಲವರೆಗೂ ಹಿಂದುಹಿಂದಕ್ಕೇ ಹೆಜ್ಜೆಯಿಟ್ಟು ಹೊರಟುಹೋದ.

ನಾನು ಸಾಧ್ಯವಾದಷ್ಟು ಸಾದಾ ದನಿಯಲ್ಲಿ, "ಕೊನೆಗೆ ಎಷ್ಟಕ್ಕೆ ಬಿಡ್ತೀರಿ?" ಎಂದೆ. "ಹಿಡಿ ಸೀಳಿದೆ, ಕುದುರೆ ನಿಲ್ಲಲ್ಲ. ಐದು ಕೊಡ್ತೀನಿ."

ನೀಲಮ್ಮ ಹೊಸಿಲ ಮೇಲೆ ಕೂತಳು. ಕೂತು ನಕ್ಕಳು. "ಬಿಸಿ ಕೋವಿಗೆ ರೇಟು ಕೇಳೋರು ಇಬ್ಬರೇ ಅಕ್ಕಾ. ಒಬ್ಬರು ತಲೆ ಕೆಟ್ಟೋರು. ಇನ್ನೊಬ್ಬರು ಈಡು ಹೊತ್ತೋರ ಮನೆಯೋರು. ನಿಮ್ಮ ತಲೆ ನೆಟ್ಟಗೇ ಇದೆ." ಆಮೇಲೆ ಕೇಳಿದಳು, "ಚಿಕ್ಕೀರಯ್ಯನ ಮಗಳಾ ನೀನು?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಹೌದು. ಎಂಟೂವರೆ ಕೊಡ್ತೀನಿ. ಹನ್ನೆರಡೇ ಕೊಡ್ತೀನಿ."

"ನೋಡು, ಆಗಲೇ ಹನ್ನೆರಡಕ್ಕೆ ಬಂದೆ. ಇನ್ನೊಂದು ಗಳಿಗೆ ಬಿಟ್ಟರೆ ಮನೆ ಬರ್ಕೊಡ್ತೀಯ."

"ಬರ್ಕೊಡ್ತೀನಿ."

"ಬೇಡಮ್ಮ. ಆ ಮನೇಲಿ ನಾನೇನು ಮಾಡ್ಲಿ."

"ನಿಮಗೂ ಅವಸರ ಇದೆ ನೀಲಮ್ಮ," ಎಂದೆ. "ಜವರಯ್ಯ ಈಗ ಇಡೀ ಕೇರಿಗೆ ಹೇಳ್ಕೊಂಡು ಹೋಗ್ತಾನೆ. ಇನ್ಯಾರೂ ಬರಲ್ಲ. ಕೋವಿ ನಿಮ್ಮ ಕೈಯಲ್ಲಿರುವಾಗ ಅಪ್ಪ ಬಿದ್ದರೆ ಸಂಜೆಗೆ ನೀವು ಈ ಭಟ್ಟಿ ಬಿಟ್ಟು ಹೋಗಬೇಕು."

ಅವಳು ತಿರುಗಿ ಭಟ್ಟಿಯನ್ನು ನೋಡಿದಳು. ಒಲೆಯ ಬಾಯಿ, ಮಸಿ ಹಿಡಿದ ತೊಲೆ, ಸಾಲಾಗಿ ನಿಂತ ಬಿಳಿ ಮೂಟೆಗಳು. "ಹದಿಮೂರು ವರ್ಷ ಊದಿದೀನಿ ಈ ಒಲೇನ," ಎಂದಳು. "ಗೊತ್ತು ನನಗೆ. ಅಪ್ಪ ಎಲ್ಲೋ ಘಟ್ಟದಾಚೆ ಸತ್ತ ಅಂತ ಲಾರಿಯೋನು ಇದನ್ನ ತಂದುಕೊಟ್ಟು ಎಂಟು ತಿಂಗಳಾಯ್ತು. ಅವತ್ತಿಂದ ದಿನಾ ಮುಟ್ಟಿ ನೋಡ್ತೀನಿ. ಯಾರಾದ್ರೂ ಊರಾಚೆಯೋನು ಕೊಂಡುಕೊಂಡು ಹೋಗ್ಲಿ, ನಿಮ್ಮಪ್ಪನೂ ಸಾಯ್ಲಿ, ನಾನು ಇಲ್ಲೇ ಇರೋಣ ಅಂದ್ಕೊಂಡೆ. ಅವನಾರೋ ಹೊಟ್ಟೆಬಾಕನ್ನ ಕರೆದರೆ ಜೊತೆಗೆ ನೀನು ಬಂದೆ."

"ನಮ್ಮಪ್ಪ ನಿಮಗೇನು ಮಾಡಿದ್ದ? ನಿಮ್ಮಪ್ಪನೇ ತಾನೆ ಹೊಡೆದದ್ದು?"

ನನಗೆ ಗೊತ್ತಿಲ್ಲವೆಂಬುದನ್ನು ಅವಳಿಗೆ ನಂಬಲಾಗಲಿಲ್ಲ. ಆಮೇಲೆ ನಂಬಿದಳು.

"ಈ ಕೋವಿನ ನಮ್ಮಪ್ಪ ಕೊಂಡಿದ್ದು ವೈಶಾಖದಲ್ಲಿ," ಎಂದಳು. "ಮಾರೋನು ಪರಸ್ಥಳದೋನು, ಬಸ್ಸಿಗೆ ಹೊತ್ತಾಯ್ತು ಅಂತ ಕುಣೀತಿದ್ದ. ಪರೀಕ್ಷೆಗೆ ನಿಮ್ಮಪ್ಪ ಬಂದ. ಎಣ್ಣೆ ಬಾಟ್ಲಿ ಹಿಡ್ಕೋ ಪುಟ್ಟಿ ಅಂತ ನನ್ನ ಕೈಗೇ ಕೊಟ್ಟ. ಅಲ್ಲಾಡಿಸಿದ್ರೆ ಗಳಗಳ ಅಂತಿತ್ತು. ಬಾಟ್ಲೀಲೇ ನೀರಾಗಿತ್ತು ಎಣ್ಣೆ. ಎರಡೂ ನಳಿಗೆ ಮೇಲೆ ಹನಿಸಿದ, ಎರಡೂ ಹರೀತು. ಹರೀದೆ ಇನ್ನೇನು? ಆಮೇಲೆ ಕೆನ್ನೆ ಇಟ್ಟ. ಕಣ್ಣು ಮುಚ್ಚಿದ. ತಣ್ಣಗಿದೆ ಕಾಳಿಂಗ, ತಗೋ ಅಂದ."

ಬೇಸಿಗೆಯಲ್ಲಿ ಕೋವಿ ಮುಟ್ಟಬೇಡ, ಎಷ್ಟು ಕೊಟ್ಟರೂ ಮುಟ್ಟಬೇಡ ಎಂಬುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಯಾಕೆ ಎಂದು ನಾನು ಕೇಳಿರಲಿಲ್ಲ. ಬೇಸಿಗೆಯಲ್ಲಿ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ಅಷ್ಟೇ ಅಂದುಕೊಂಡಿದ್ದೆ.

"ಹತ್ತೇ ದಿನ," ಎಂದಳು ನೀಲಮ್ಮ. "ಅಮ್ಮ ಅಂಗಳದಲ್ಲಿ ರಾಗಿ ಕೇರ್ತಾ ಇದ್ದಳು. ಅವಳ ಮೇಲೆ ಯಾವ ಕಾಲದಲ್ಲಿ ಯಾರು ಹೊಡೆದ ಈಡೋ, ಅವಳಿಗೇ ಗೊತ್ತಿತ್ತೋ ಇಲ್ಲವೋ. ಢಂ ಅಂತು. ನಳಿಗೆ ಬಿಸಿ ಇದೆ ಅಂತ ಅವತ್ತು ಹೇಳಿದ್ರೆ ಎಲ್ಲರೂ ಮಾಡೋ ಹಾಗೆ ಮೊದಲು ಮನೆಯೋರ ಕೈಗೇ ಒಬ್ಬೊಬ್ಬರಿಗೆ 'ನಿನ್ನದು' ಅಂತ ಕೊಟ್ಟು ನೋಡ್ತಿದ್ವಿ. ಅಮ್ಮನ ಕೈಯಲ್ಲಿ ಆರ್ತಿತ್ತು. ಹೆಂಡ್ತೀನ ಕೊಂದೋನು ಅನ್ನಿಸ್ಕೊಂಡು ಅಪ್ಪ ಊರು ಬಿಟ್ಟ. ಬಿಡೋ ಮೊದಲು ನಿಮ್ಮನೆಗೆ ಬಂದ."

ಒಳಗೆ ಬಾಣಲೆಯಲ್ಲಿ ಅಕ್ಕಿ ಸೀದ ವಾಸನೆ ಬರತೊಡಗಿತು. ಅವಳು ಏಳಲಿಲ್ಲ.

"ಏನು ಬೇಕು ನಿಮಗೆ?" ಎಂದೆ.

"ದುಡ್ಡು ಬೇಡ. ನಿಮ್ಮಪ್ಪ ನನ್ನೆದುರಿಗೆ, ನಾಲ್ಕು ಜನ ಕೇಳೋ ಹಾಗೆ ಒಂದು ಮಾತು ಹೇಳ್ಲಿ. ಅವತ್ತು ಎಣ್ಣೆ ಕರಗಿತ್ತು, ನನಗೆ ಗೊತ್ತಾಗ್ಲಿಲ್ಲ, ಆದ್ರೂ ತಣ್ಣಗಿದೆ ಅಂದೆ ಅಂತ. ಅಷ್ಟು ಹೇಳಿದ್ರೆ ಕೊಟ್ಟುಬಿಡ್ತೀನಿ. ಪುಕ್ಕಟೆ ಕೊಡ್ತೀನಿ."

"ಹೇಳ್ತಾನೆ," ಎಂದೆ. ಹೇಳುತ್ತಾನೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ಅವಳು ಒಂದು ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ಕೋವಿಗೆ ಸುತ್ತಿದಳು. ಚುಯ್ ಎಂದಿತು. ಕಂಕುಳಲ್ಲಿ ಇರುಕಿಕೊಂಡು ನನ್ನ ಜೊತೆ ನಡೆದಳು. ಹನ್ನೊಂದು ಗಂಟೆಯ ಬಿಸಿಲು, ಪೇಟೆಬೀದಿ ತುಂಬ ಜನ. ಒದ್ದೆ ಗೋಣಿಯಿಂದ ಹಬೆಯೇಳುವುದನ್ನು ನೋಡಿದವರು ಏನೂ ಕೇಳದೆ ಸರಿದು ದಾರಿ ಬಿಟ್ಟರು. ಬಾಳೆಹಣ್ಣಿನವನು ಗಾಡಿಯನ್ನು ಗೋಡೆಗೆ ಒತ್ತಿದ. ಒಬ್ಬಳು ತಾಯಿ ಮಗುವಿನ ಕಿವಿ ಮುಚ್ಚಿದಳು. ನಾವು ದಾಟಿದ ಮೇಲೆ ಹಿಂದೆ ಮತ್ತೆ ಚೌಕಾಸಿಯ ಗದ್ದಲ ಶುರುವಾಗುತ್ತಿತ್ತು.

"ಊಟ ಸೇರತ್ತಾ ಅವನಿಗೆ?" ಎಂದು ಕೇಳಿದಳು ನೀಲಮ್ಮ.

"ಸೇರತ್ತೆ."

"ನಗ್ತಾನಾ?"

"ಅಪರೂಪಕ್ಕೆ. ರೇಡಿಯೋ ಕೇಳುವಾಗ."

"ನಮ್ಮಪ್ಪನೂ ನಗ್ತಿದ್ದನೋ ಏನೋ ಅಲ್ಲಿ," ಎಂದಳು. ಮನೆ ಬರುವುದರೊಳಗೆ ಎರಡು ಸಲ ನಿಂತು ನಲ್ಲಿಯಲ್ಲಿ ಗೋಣಿಗೆ ನೀರು ಹಿಡಿದಳು.

ಅಪ್ಪ ಅಂಗಳದ ನಡುವೆ ಮರದ ಕುರ್ಚಿಯಲ್ಲಿ ಕೂತು ಮುರಿದ ಕೊಡೆಯ ಕಡ್ಡಿ ಕಟ್ಟುತ್ತಿದ್ದ. ನಮ್ಮ ಅಂಗಳದ ಸುತ್ತ ಎರಡು ಮನೆಗಳ ಮೋಟುಗೋಡೆ. ಅಪ್ಪ ಹೊರಗೆ ಕೂತರೆ ಅವರು ಒಳಗೆ ಹೋಗುತ್ತಾರೆ. ಹಬೆ ನೋಡಿ ಆವತ್ತು ಹೊರಗೆ ಬಂದರು, ಗೋಡೆಯ ಆಚೆ ನಿಂತರು.

ಅಪ್ಪ ನನ್ನನ್ನು ನೋಡಲಿಲ್ಲ, ನೀಲಮ್ಮನನ್ನೂ ನೋಡಲಿಲ್ಲ. ಗೋಣಿಯಿಂದ ಹೊರಗಿದ್ದ ಹಿಡಿಯನ್ನು ನೋಡಿದ. ಕೊಡೆ ಕೈಯಿಂದ ಜಾರಿತು.

"ಎಲ್ಲಿ ಸಿಕ್ತು ಮಗಾ?" ಎಂದ. ಎಂಬತ್ತು ವರ್ಷದವನಂತೆ ನಡೆಯುತ್ತಿದ್ದ ಮನುಷ್ಯ ಕುರ್ಚಿಯ ಕೈ ಹಿಡಿಯದೆ ಎದ್ದುನಿಂತ. "ಎಷ್ಟಂತೆ? ಎಷ್ಟಾದ್ರೂ ಕೊಡೋಣ. ಪೆಟ್ಟಿಗೇಲಿ ನಿಮ್ಮಮ್ಮನ ಸರ ಇದೆ."

"ದುಡ್ಡಲ್ಲ ಅಪ್ಪ. ಇವರು ಕಾಳಿಂಗಯ್ಯನ ಮಗಳು."

ಅವನು ಕೂತುಬಿಟ್ಟ.

ನಾನು ಬೆಲೆ ಹೇಳಿದೆ. ಅವಳು ಹೇಳಿದ ಮಾತುಗಳನ್ನೇ ಒಂದೂ ಬಿಡದೆ ಹೇಳಿದೆ. ಅಪ್ಪ ತಲೆಯಾಡಿಸುತ್ತಾ ಹೋದ, ಇಲ್ಲ ಎಂದೋ ಹೌದೆಂದೋ ತಿಳಿಯಲಿಲ್ಲ.

"ತಣ್ಣಗಿತ್ತು," ಎಂದ. "ಅವತ್ತು ತಣ್ಣಗೇ ಇತ್ತು. ಆಮೇಲೆ ಅವನ ಮನೇಲಿ ಬಿಸಿಯಾಗಿರಬೇಕು. ಎಷ್ಟು ಸಲ ಹೇಳಿದೀನಿ."

"ಯಾವ ತಿಂಗಳು ಅಪ್ಪ ಅದು?"

"ಯಾವುದೋ ಒಂದು."

"ಬೇಸಿಗೇಲಿ ಕೋವಿ ಮುಟ್ಟಬೇಡ ಅಂತ ನನಗೆ ಯಾಕೆ ಹೇಳ್ಕೊಟ್ಟೆ?"

ಅಪ್ಪ ನೆಲಕ್ಕೆ ಬಿದ್ದ ಕೊಡೆಯ ಕಡೆ ಕಣ್ಣು ತಿರುಗಿಸಿದ. ಗೋಣಿಯ ನೀರು ಆರುತ್ತಾ ಬಂದಿತ್ತು. ನೀಲಮ್ಮ ಕೋವಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. ಸೀರೆಯ ಸೆರಗು ತಾಗಿದ ಕಡೆ ಕಂದು ಗೆರೆ ಮೂಡಿತ್ತು. "ಬೇಗ ಆಗ್ಲಿ," ಎಂದಳು, ಅಂಗಡಿ ಮುಚ್ಚುವವಳ ಹಾಗೆ. ಗೋಡೆಯ ಆಚೆಯಿಂದ ಒಬ್ಬ ಹೆಂಗಸು, "ಹೇಳ್ಬಿಡಿ ಚಿಕ್ಕೀರಣ್ಣ, ಒಂದು ಮಾತು ತಾನೆ," ಎಂದಳು. ಇನ್ನೊಬ್ಬರು ಅವಳನ್ನು ಗದರಿಸಿ ಸುಮ್ಮನಾಗಿಸಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಷ್ಟು ಹತ್ತಿರದಿಂದ ಯಾರೋ ಅಪ್ಪನ ಹೆಸರು ಕರೆದಿದ್ದರು.

ನಾನು ಅವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೆಳಗ್ಗೆ ನಾನೇ ಬೋಳಿಸಿದ ಗಲ್ಲದಲ್ಲಿ ಒಂದು ಕಡೆ ನಾಲ್ಕು ಬಿಳಿ ಕೂದಲು ಉಳಿದುಹೋಗಿದ್ದವು. "ಅಪ್ಪ," ಎಂದೆ, "ನಾನು ಇದಕ್ಕೇ ಬದುಕಿದ್ದು. ಬೇರೆ ಏನೂ ಮಾಡ್ಲಿಲ್ಲ ನಾನು."

ಅವನು ನೆಲದ ಮೇಲಿನ ಕೊಡೆಯನ್ನು ನೋಡುತ್ತಲೇ ಬಾಯಿಬಿಟ್ಟ. ದನಿ ನಾನು ನಿರೀಕ್ಷಿಸಿದ್ದಕ್ಕಿಂತ ದೊಡ್ಡದಾಗಿ ಬಂತು.

"ಎಣ್ಣೆ ಕರಗಿತ್ತು. ಬಾಟ್ಲೀಲೇ ಕರಗಿತ್ತು. ಕೆನ್ನೆ ಇಟ್ಟೆ, ಬಿಸಿಲಿಗೆ ನನ್ನ ಕೆನ್ನೆನೇ ಸುಡ್ತಿತ್ತು. ಏನೂ ಗೊತ್ತಾಗ್ಲಿಲ್ಲ ನನಗೆ. ಅಷ್ಟು ಜನ ನೋಡ್ತಿದ್ರು. ಕಾಳಿಂಗ ನನ್ನ ಬಾಯನ್ನೇ ನೋಡ್ತಿದ್ದ. ಗೊತ್ತಾಗ್ಲಿಲ್ಲ ಅನ್ನೋಕೆ ನಾಚಿಕೆ ಆಯ್ತು. ತಣ್ಣಗಿದೆ ಅಂದೆ."

ಗೋಡೆಯ ಆಚೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಹತ್ತೊಂಬತ್ತು ವರ್ಷ ಆ ಮಾತು ಅವನ ಬಾಯಲ್ಲೇ ಇತ್ತೆಂಬುದು, ನಾನು ಬಡಿಸಿದ ಊಟದ ಜೊತೆ ದಿನಾ ಅದನ್ನೂ ನುಂಗಿದ್ದನೆಂಬುದು ನನಗೆ ಆಗ ಹೊಳೆಯಿತು. ಸಿಟ್ಟು ಬರಲಿಲ್ಲ. ಈಡಿಗಿಂತ ಮೊದಲು ಕೋವಿ ಅವನ ಕೈ ಸೇರಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅಪ್ಪ ಮುಖವೆತ್ತಿದ. ಭಾರ ಇಳಿಸಿದವನ ಹಾಗೆ ಉಸಿರುಬಿಟ್ಟ. "ಸರಿನಾ?" ಎಂದ. ನೀಲಮ್ಮನ ಕಡೆ ಕೈಚಾಚಿದ, ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವವರು ಚಾಚುವ ಹಾಗೆ, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಸಣ್ಣಗೆ ಆಡಿಸುತ್ತಾ. "ಕೊಡು ಇನ್ನ. ನನ್ನದು, ನನ್ನದು."

ನೀಲಮ್ಮ ಆ ಬೆರಳುಗಳನ್ನು ನೋಡಿದಳು. ಗೋಣಿಯನ್ನು ಬಿಚ್ಚಿ ಕೆಳಗೆ ಹಾಕಿದಳು. ಬರಿಗೈಯಲ್ಲಿ ನಳಿಗೆ ಹಿಡಿಯಲಾಗದೆ ಹಿಡಿಯ ಮೇಲಿನ ತಾಮ್ರದ ಸುತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೋವಿಯ ಸುತ್ತ ಗಾಳಿ ಬೇಸಿಗೆಯ ರಸ್ತೆಯ ಮೇಲೆ ನಡುಗುವಂತೆ ನಡುಗುತ್ತಿತ್ತು.

"'ನಿನ್ನದು' ಅನ್ನಿ ನೀಲಮ್ಮ," ಎಂದೆ. "ಹೇಳಿದನಲ್ಲ. ನೀವು ಕೇಳಿದ್ದಕ್ಕಿಂತ ಜಾಸ್ತಿನೇ ಹೇಳಿದ."

"ಹೇಳಿದ," ಎಂದಳು. "ಹೇಳಿದ ಕೂಡಲೇ ಕೂಲಿ ಕೇಳೋ ಹಾಗೆ ಕೈ ಚಾಚಿದ."

"ಸಂಜೆಗೆ ಊರು ಬಿಡಬೇಕಾಗತ್ತೆ. ಒಲೆ ಹಾಗೇ ಉರೀತಿದೆ ಅಲ್ಲಿ. ಹದಿಮೂರು ವರ್ಷ ಅಂದ್ರಲ್ಲ. ಸರ ತಗೊಳ್ಳಿ, ಮನೆ ತಗೊಳ್ಳಿ, ನಾನು ಬಂದು ನಿಮ್ಮ ಭಟ್ಟಿಗೆ ಹೊಟ್ಟು ಎರಚ್ತೀನಿ. ಕೊಡಿ."

ಅಪ್ಪನ ಕೈ ಇನ್ನೂ ಚಾಚಿಯೇ ಇತ್ತು. ಬೆರಳುಗಳು ನಿಂತಿದ್ದವು.

"ಇಲ್ಲ," ಎಂದಳು ನೀಲಮ್ಮ. "ಕೊಡಲ್ಲ."